ಹಳದಿ ಟೋಪಿ

ಮಾರ್ಚ್ ೪

ಮೀನುಮರಿಗೆ,

ನಿನ್ನ ಫೋನು ಬಂದಿತ್ತೆಂದು ನಿಮ್ಮಮ್ಮ ಹೇಳಿದಳು. ನನ್ನ ಕೈಗೆ ಕೊಟ್ಟಿದ್ದರೂ ಉಪಯೋಗವಿರಲಿಲ್ಲ. ಈಜುಕೊಳದ ತಗಡಿನ ಸೂರಿನ ಕೆಳಗೆ ಜೀವಮಾನವಿಡೀ ಸೀಟಿ ಊದಿ ನನ್ನ ಎರಡೂ ಕಿವಿ ಕೈಕೊಟ್ಟಿವೆ. ಫೋನಿನಲ್ಲಿ ಕೇಳುವುದು ಬರೀ ಗುಂಯ್ ಎನ್ನುವ ಸದ್ದು. ನಿಮ್ಮಮ್ಮನ ಬಾಯಿಂದ ಕೇಳೋಣವೆಂದರೆ ಅವಳು ಅರ್ಧ ನುಂಗಿ ಅರ್ಧ ಹೇಳುತ್ತಾಳೆ. ಏನಿದ್ದರೂ ಬರೆದು ಕಳಿಸು.

ಈ ಸಲದ ಗೆಲುವಿನ ಈಜು ಮೇ ಹನ್ನೆರಡಕ್ಕೆ. ನಿನಗೆ ನೆನಪಿಸಬೇಕಾಗಿಲ್ಲ, ಆದರೂ ನೆನಪಿಸುತ್ತಿದ್ದೇನೆ. ಹೋದ ವರ್ಷ ನೀನು ಹಿಂದಿನ ದಿನ ಬಂದಿಳಿದು, ಅಭ್ಯಾಸವೇ ಇಲ್ಲದೆ ನೀರಿಗೆ ಬಿದ್ದೆ. ಕೊನೆಯ ಸುತ್ತನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕೆಂದು ಗೊತ್ತಿದ್ದೂ ಎರಡು ಸಲ ತಲೆ ಎತ್ತಿದೆ. ಮೆಟ್ಟಿಲ ಮೇಲೆ ಕೂತ ಜನಕ್ಕೆ ಅದು ಕಾಣಲಿಲ್ಲ, ನನಗೆ ಕಂಡಿತು. ಏಣಿ ಮೇಲೆ ಕೂತು ಅಂಗಡಿಗಳ ಬೋರ್ಡು ಬರೆದು ಬರೆದು ನಿನ್ನ ಮೈಗೆ ಬೊಜ್ಜು ಬಂದಿದೆ. ಇದನ್ನು ಬರೆಯಬೇಡಿ ಎಂದಳು ನಿಮ್ಮಮ್ಮ. ಅದಕ್ಕೇ ಬರೆದೆ.

ಆಸ್ಪತ್ರೆಯ ಮಕ್ಕಳ ವಾರ್ಡಿನಿಂದ ಈ ಸಲ ಎರಡು ಬಸ್ಸು ತುಂಬ ಜನ ಬರುತ್ತಾರಂತೆ. ಅವರು ಬರುವುದು ನನ್ನ ಮುಖ ನೋಡಲಿಕ್ಕಲ್ಲ. ಮೈಕಿನಲ್ಲಿ ನಾನು ಹೇಳುವುದು ನಿನಗೆ ಬಾಯಿಪಾಠವಾಗಿದೆ: "ಎಂಟು ವರ್ಷದ ಕೂಸು. ರಕ್ತದ ಕ್ಯಾನ್ಸರು. ತಲೇಲಿ ಒಂದು ಕೂದ್ಲಿಲ್ಲ. ಆಸೆ ಬಿಡಿ ಅಂದ್ರು. ಈಗ ನೋಡಿ!" ಆಮೇಲೆ ಸೀಟಿ. ಆಮೇಲೆ ನೀನು. ಹಳದಿ ಟೋಪಿ ನೀರಿನ ಮೇಲೆ ಹೊರಟಿತೆಂದರೆ ಆ ಅಪ್ಪ ಅಮ್ಮಂದಿರ ಮುಖ ನೋಡಬೇಕು. ನಾನು ಬದುಕಿರುವುದೇ ಆ ಮುಖಗಳಿಗಾಗಿ ಎಂದರೂ ತಪ್ಪಿಲ್ಲ.

ಗೇಟಿನ ಬೋರ್ಡನ್ನು ಎಂದಿನಂತೆ ನೀನೇ ಬರೆದು ಲಾರಿಗೆ ಹಾಕಿಸು. ಹೋದ ಸಲ 'ಗೆದ್ದವಳು' ಎನ್ನುವುದನ್ನು ಕೆಂಪಿನಲ್ಲಿ ಬರೆದಿದ್ದೆ, ಬಿಸಿಲಿಗೆ ಪೇಲವವಾಯಿತು. ಈ ಸಲ ನೀಲಿ ಹಾಕು.

ನಿಮ್ಮಮ್ಮ ಟೋಪಿ ತೊಳೆದು, ರಬ್ಬರು ಒಂದಕ್ಕೊಂದು ಅಂಟದಂತೆ ಒಳಗೆ ಪೌಡರ್ ಹಾಕಿ ಬೀರುವಿನಲ್ಲಿಟ್ಟಿದ್ದಾಳೆ. ನೀನು ಬರೆದ ಕೆಂಪು ಮೀನು ಹಾಗೇ ಇದೆ. ಟೋಪಿ ಹಳತಾದಾಗಲೆಲ್ಲ ಹೊಸದರ ಮೇಲೆ ನೀನೇ ಆ ಮೀನು ಬರೆಯುತ್ತ ಬಂದೆ. ಇನ್ನೊಬ್ಬರ ಕೈಗೆ ಅದು ಬರುವುದಿಲ್ಲ, ಬರೆಸಿ ನೋಡಿದ್ದೇನೆ, ಚಮಚದ ಹಾಗೆ ಕಾಣುತ್ತದೆ.

ಒಂದು ವಾರ ಮೊದಲೇ ಬಾ.

ಅಪ್ಪ

*

ಮಾರ್ಚ್ ೧೯

ಅಪ್ಪನಿಗೆ,

ಬೋರ್ಡು ಬರೆದಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಅವಳು ನುಂಗಿದ ಅರ್ಧ ಇದೇ ಇರಬೇಕು.

ಜನವರಿಯಿಂದ ಏಣಿಯ ಮೇಲೆ ನನಗೆ ಉಸಿರು ಸಾಲುತ್ತಿರಲಿಲ್ಲ. ಬ್ರಶ್ಶು ಹಿಡಿದ ಕೈಯನ್ನು ಹಲಗೆಗೆ ಒರಗಿಸಿ ನಿಲ್ಲುತ್ತಿದ್ದೆ. "ಏನಕ್ಕಾ, ಅಕ್ಷರ ಮರ್ತು ಹೋಯ್ತಾ?" ಎಂದು ಔಷಧಿ ಅಂಗಡಿಯವನು ಕೆಳಗಿನಿಂದ ಕಾಲೆಳೆದ. ನಾನೂ ನಕ್ಕೆ. ಆಮೇಲೆ ಪಾದ ಊದಿ ಚಪ್ಪಲಿ ಹಿಡಿಯದಾಯಿತು. ಅಂಗಾತ ಮಲಗಿದರೆ ಯಾರೋ ಎದೆಯ ಮೇಲೆ ಕೂತ ಹಾಗೆ. ದಿಂಬಿನ ಮೇಲೆ ದಿಂಬಿಟ್ಟು ಕೂತೇ ನಿದ್ದೆ ಮಾಡುತ್ತಿದ್ದೆ. ಬೀದಿಯ ಡಾಕ್ಟರು ಮೊದಲು ಗ್ಯಾಸ್ ಎಂದರು, ಆಮೇಲೆ ಬಣ್ಣದ ವಾಸನೆ ಆಗಿಬರಲ್ಲ ಎಂದರು. ಕೊನೆಗೆ ನಿಮ್ಮ ಅಳಿಯ ಬಸ್ಸಿನ ಡ್ಯೂಟಿಗೆ ರಜೆ ಹಾಕಿ ನನ್ನನ್ನು ಹೃದಯದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು.

ಆಕೆ ನನ್ನ ಕುತ್ತಿಗೆಯ ಕೆಳಗಿನ ಹಳೆಯ ಗಾಯದ ಗುರುತು ನೋಡಿ "ಇದೇನಮ್ಮಾ?" ಎಂದರು. ಚಿಕ್ಕಂದಿನಲ್ಲಿ ಕ್ಯಾನ್ಸರಿತ್ತು, ವಾಸಿಯಾಯಿತು ಎಂದೆ. ಯಾವ ಔಷಧಿ ಕೊಟ್ಟರು ಎಂದು ಕೇಳಿದರು. ನನಗೆ ಹೆಸರು ಎಲ್ಲಿ ಗೊತ್ತು? "ಕೆಂಪದು" ಎಂದೆ. ಆಕೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

ಆ ಕೆಂಪು ಔಷಧಿ ನಿಮಗೂ ನೆನಪಿರಬೇಕು. ನಳಿಗೆಯಲ್ಲಿ ಇಳಿದು ಬರುತ್ತಿತ್ತು, ಆಮೇಲೆ ಉಚ್ಚೆಯೂ ಕೆಂಪಾಗುತ್ತಿತ್ತು. ಪಕ್ಕದ ಮಂಚದ ಹುಡುಗಿ, ನಾನು ಇಲಿ ಎಂದು ಕರೆಯುತ್ತಿದ್ದವಳು, ಅವಳೂ ನಾನೂ ಅದಕ್ಕೆ ಶರಬತ್ತು ಎನ್ನುತ್ತಿದ್ದೆವು. ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ನಿಮ್ಮನ್ನ ಉಳಿಸಿದ್ದು ಅದೇ. ಹೃದಯಕ್ಕೆ ಪೆಟ್ಟು ಕೊಟ್ಟಿದ್ದೂ ಅದೇ. ಎಲ್ಲರಿಗೂ ಹೀಗಾಗಲ್ಲ. ಆಗೋರಿಗೆ ಎಷ್ಟೋ ವರ್ಷ ಆದ್ಮೇಲೆ ಗೊತ್ತಾಗುತ್ತೆ. ಅದಕ್ಕೇ ಆರಾಮಾಗಿದ್ರೂ ಆಗಾಗ ಹೃದಯದ ಸ್ಕ್ಯಾನ್ ಮಾಡಿಸ್ತಾ ಇರ್ಬೇಕು. ನಿಮಗ್ಯಾರೂ ಹೇಳ್ಲೇ ಇಲ್ವಾ?"

ಯಾರೂ ಹೇಳಲಿಲ್ಲ. ನಾನು ಪ್ರತಿ ವರ್ಷ ಉಸಿರು ಕಟ್ಟಿ ಈಜಿದೆ, ಜನ ಚಪ್ಪಾಳೆ ತಟ್ಟಿದರು.

ಮಾತ್ರೆ ಶುರುವಾಗಿದೆ. ಉಪ್ಪು ಕಡಿಮೆ. ದಿನಾ ನಿಧಾನವಾಗಿ ನಡೆಯಬೇಕು. ಬೇಗ ಗೊತ್ತಾಗಿದ್ದರೆ ಇನ್ನೂ ಚೆನ್ನಾಗಿತ್ತು, ಈಗಲೂ ಹಿಡಿದು ನಿಲ್ಲಿಸಬಹುದು ಎನ್ನುತ್ತಾರೆ. ಪಂದ್ಯದ ಹಾಗೆ ಈಜುವುದು, ಉಸಿರು ಬಿಗಿಹಿಡಿಯುವುದು ಸದ್ಯಕ್ಕೆ ಕೂಡದು. ಅಪ್ಪಾ, ನನಗೆ ಭಯವಾಗಿದೆ. ಎಂಟು ವರ್ಷದವಳಾಗಿದ್ದಾಗ ಇಷ್ಟು ಭಯವಾಗಿರಲಿಲ್ಲ. ಆಗ ನೀವು ಮಂಚದ ಪಕ್ಕದಲ್ಲೇ ಇದ್ದಿರಿ.

ಮೇ ಹನ್ನೆರಡಕ್ಕೆ ಬರುತ್ತೇನೆ. ನೀರಿಗಿಳಿಯುವುದಿಲ್ಲ. ಕೊಳದ ಅಂಚಿನಲ್ಲಿ ನಿಲ್ಲುತ್ತೇನೆ, ಒಂದೆರಡು ನಿಮಿಷ ಮೈಕು ಕೊಡಿ. ಮೆಟ್ಟಿಲ ಮೇಲೆ ಕೂರುವವರಲ್ಲಿ ನನ್ನ ಹಾಗೆ ದೊಡ್ಡವರಾದವರೂ ಇರುತ್ತಾರೆ. ಇಲಿ ಒಂದು ವರ್ಷವೂ ತಪ್ಪಿಸಿದವಳಲ್ಲ. ಅವಳೂ ಅದೇ ಶರಬತ್ತು ಕುಡಿದವಳು. ಅವಳಿಗೆ ಬರೆದಿದ್ದೇನೆ, ಸ್ಕ್ಯಾನಿಗೆ ದಿನ ಗೊತ್ತುಮಾಡಿಸಿಕೊಂಡಿದ್ದಾಳಂತೆ. ಉಳಿದವರಿಗೂ ಗೊತ್ತಾಗಲಿ.

ನಿಮ್ಮ ಮಗಳು

*

ಮಾರ್ಚ್ ೨೭

ಮೀನುಮರಿಗೆ,

ನಿನ್ನ ಕಾಗದವನ್ನು ನಿಮ್ಮಮ್ಮ ಎಷ್ಟೋ ಸಲ ಓದಿದಳು. ನಾನು ಒಂದು ಸಲ ಓದಿದೆ, ಸಾಕಾಯಿತು.

ಡಾಕ್ಟರಿಗೆ ಯಂತ್ರ ಇದೆ, ಯಂತ್ರ ತಂದವರು ಏನಾದರೂ ಕಂಡುಹಿಡಿಯಲೇಬೇಕು. ನಿನ್ನ ಹೃದಯ ನನಗೆ ಗೊತ್ತಿರುವಷ್ಟು ಆಕೆಗೆ ಗೊತ್ತೇ? ಚಿಕಿತ್ಸೆ ಮುಗಿದ ಮರುವಾರವೇ ನಿನ್ನನ್ನು ನೀರಿಗಿಳಿಸಿದವನು ನಾನು. ಕೋಲಿನಂತಿದ್ದೆ, ತಲೆ ಬೋಳೆಂದು ನಾಚಿಕೊಳ್ಳುತ್ತಿದ್ದೆ. ಟೋಪಿ ಹಾಕಿಸಿ ತಳ್ಳಿದೆ. ಎದ್ದು ಬಂದೆ. ಆವತ್ತು ಅಳುತ್ತಾಳೆ ಎಂದು ನಾನು ಸುಮ್ಮನಾಗಿದ್ದರೆ ನೀನು ಇವತ್ತಿಗೂ ಮಂಚದ ಮೇಲೆಯೇ ಇರುತ್ತಿದ್ದೆ. ಆ ಮಂಚದ ಮೇಲೆ ಮತ್ತೆ ಮಲಗುವ ಆಸೆ ಈಗ ನಿನಗೆ ಬಂದಿದೆ, ಅಷ್ಟೇ. ಗಂಡ ಕಾಲು ಒತ್ತುತ್ತಾನೆ, ಅಮ್ಮ ಅಳುತ್ತಾಳೆ, ಚೆನ್ನಾಗಿಯೇ ಇರುತ್ತದೆ.

ಮೈಕಿನ ಮಾತು ಕೇಳು. ಆ ಮೆಟ್ಟಿಲ ಮೇಲೆ ಕೂರುವ ತಾಯಂದಿರ ಮಕ್ಕಳಿಗೆ ಅದೇ ಕೆಂಪು ಔಷಧಿ ಇವತ್ತು ಇಳಿಯುತ್ತಿದೆ. ನೀನು ಊದಿದ ಕಾಲು ಎಳೆದುಕೊಂಡು ಬಂದು, ಅದು ಹೃದಯ ತಿನ್ನುತ್ತದೆ ಎಂದರೆ ಅವರು ಏನು ಮಾಡಬೇಕು? ನಳಿಗೆ ಕಿತ್ತು ಮಗುವನ್ನು ಮನೆಗೆ ಕರೆದುಕೊಂಡು ಹೋಗಬೇಕೇ? ಆ ಮಗುವಿನ ಸಾವು ನಿನ್ನ ತಲೆಗೆ ಬರುತ್ತದೆ. ಗೆದ್ದವರು ಮಾತಾಡಬಾರದು ಎಂದು ನಾನು ಕಲಿಸಿದ್ದು ಇದಕ್ಕೇ. ಈಜಬೇಕು, ಆ ತುದಿಯಿಂದ ಕೈ ಎತ್ತಬೇಕು, ಒಳಗೆ ಹೋಗಬೇಕು.

ನಿಮ್ಮಮ್ಮ ಅತ್ತಳೆಂದು ಇಷ್ಟು ಬಿಟ್ಟುಕೊಡುತ್ತೇನೆ: ಕೊನೆಯ ಸುತ್ತಿನಲ್ಲಿ ತಲೆ ಎತ್ತಬಹುದು. ಬೇಕಾದರೆ ಎರಡೇ ಸುತ್ತು ಸಾಕು. ಆದರೆ ನೀರಿಗಿಳಿಯಬೇಕು.

ಇಲ್ಲಿ ಮಕ್ಕಳಿಗೆ ಕಲಿಸಲು ಉದ್ದಕಾಲಿನ ಒಬ್ಬ ಹೆಂಗಸು ಸೇರಿದ್ದಾಳೆ, ಎಲ್ಲರೂ ಕೊಕ್ಕರೆ ಎನ್ನುತ್ತಾರೆ. ನಿನ್ನಷ್ಟೇ ಎತ್ತರ. ಹುಟ್ಟಿದಾಗಿನಿಂದ ಒಂದು ನೆಗಡಿ ಬಂದಿಲ್ಲವಂತೆ. ಅವಳನ್ನು ನೋಡಿದಾಗಲೆಲ್ಲ ನೀನು ನೆನಪಾಗುತ್ತೀಯೆ. ನನಗಿರುವುದು ಗೆದ್ದ ಮಗಳೊಬ್ಬಳೇ. ನಿನ್ನ ಕಾಗದ ಬರೆದವಳು ಯಾರೋ ನನಗೆ ಪರಿಚಯವಿಲ್ಲ.

ಅಪ್ಪ

*

ಏಪ್ರಿಲ್ ೧೧

ಅಪ್ಪನಿಗೆ,

ನಿಮ್ಮ ಕಾಗದವನ್ನು ಡಾಕ್ಟರಿಗೆ ಓದಿ ಹೇಳಿದೆ. ಮೊದಲ ಭಾಗಕ್ಕೆ ನಕ್ಕರು. ನಳಿಗೆ ಕೀಳುವ ಮಾತಿಗೆ ನಗಲಿಲ್ಲ. "ನಿಮ್ಮಪ್ಪ ಹೆದರೋದ್ರಲ್ಲಿ ಅರ್ಥ ಇದೆ. ಹಾಗಿದ್ರೆ ಎರಡೂ ಹೇಳಿ" ಎಂದರು. ಮಗುವಿನ ಔಷಧಿ ನಿಲ್ಲಿಸಬೇಡಿ, ಅದಿಲ್ಲದಿದ್ದರೆ ಮಗುವೇ ಇರುವುದಿಲ್ಲ. ದೊಡ್ಡದಾದ ಮೇಲೆ ಹೃದಯ ನೋಡಿಸುವುದನ್ನು ಮರೆಯಬೇಡಿ. ಇಷ್ಟೇ ಮಾತು. ಇದನ್ನು ಹೇಳಲು ನನಗೆ ಬರುತ್ತದೆ. ಬೇಡವೆಂದರೆ ನೀವೇ ಹೇಳಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ನೀವು ಎರಡು ಸುತ್ತಿಗೆ ಇಳಿಸಿದಿರಿ. ನಾನು ಸ್ನಾನದ ಮನೆಯಿಂದ ಮಂಚಕ್ಕೆ ಬರಲು ಮಧ್ಯದಲ್ಲಿ ಕುರ್ಚಿ ಇಟ್ಟುಕೊಂಡಿದ್ದೇನೆ.

ನಿಮಗೆ ಬೇಕಾದ ಮಗಳು ಆಗಿರಲು ನಾನು ಬಹಳ ಪ್ರಯತ್ನಪಟ್ಟೆ ಅಪ್ಪಾ. ಶಾಲೆಯ ಪರೀಕ್ಷೆ ಬಿಟ್ಟು ಬಂದು ಈಜಿದ್ದೇನೆ, ಮದುವೆಯಾದ ವಾರ ಬಂದು ಈಜಿದ್ದೇನೆ. ಹೋದ ವರ್ಷ ತಲೆ ಎತ್ತಿದ್ದು ಸೋಮಾರಿತನಕ್ಕಲ್ಲ. ಕಣ್ಣು ಕತ್ತಲೆಗಟ್ಟಿತ್ತು. ಕೋಪ ಮಾಡಿಕೊಳ್ಳುತ್ತೀರೆಂದು ಹೇಳಲಿಲ್ಲ.

ಮೈಕು ಕೊಡುವುದಾದರೆ ಬರುತ್ತೇನೆ. ಇಲ್ಲದಿದ್ದರೆ ಈ ಸಲ ಈಜು ಇಲ್ಲವೆಂದು ಜನಕ್ಕೆ ಹೇಳಿಬಿಡಿ.

ನಿಮ್ಮ ಮಗಳು

*

ಮೇ ೧೪

ಮೀನುಮರಿಗೆ,

ನೀನು ಬರಲಿಲ್ಲ. ಆದರೂ ಈಜಿದೆ. ಬಹಳ ಚೆನ್ನಾಗಿ ಈಜಿದೆ.

ಎರಡು ಬಸ್ಸಿನ ಬದಲು ಮೂರು ಬಸ್ಸು ಬಂದವು. ಮೆಟ್ಟಿಲು ಸಾಲದೆ ಜನ ಗೋಡೆಗೆ ಒತ್ತಿಕೊಂಡು ನಿಂತರು. ಹಳೆಯ ಬೋರ್ಡಿಗೇ ದಿನಾಂಕ ಬದಲಾಯಿಸಿ ಗೇಟಿಗೆ ಹಾಕಿಸಿದ್ದೆ. ಮೈಕಿನಲ್ಲಿ ಎಂದಿನ ಮಾತು ಹೇಳಿದೆ. ನಿಮ್ಮಮ್ಮ ಪೌಡರ್ ಹಾಕಿಟ್ಟಿದ್ದ ಟೋಪಿಯನ್ನು ಒಳಗೇ ಕೊಕ್ಕರೆಯ ತಲೆಗೆ ಏರಿಸಿದ್ದೆ. ಅದರ ಮೇಲೆ ನೀರಿನ ಕನ್ನಡಕ. ಆಮೇಲೆ ನಾನೇ ಒಂದು ಗಳಿಗೆ ಅವಳ ಮುಖ ನೋಡಿ ನಿಂತುಬಿಟ್ಟೆ. ಆ ಟೋಪಿಯೊಳಗೆ ಯಾರಿದ್ದರೂ ನೀನೇ.

ಸೀಟಿ ಊದಿದೆ. ನಾಲ್ಕು ಸುತ್ತು. ಕೊನೆಯದು ಒಂದೇ ಉಸಿರಿನಲ್ಲಿ, ನೀರು ಕೂಡ ಅಲುಗದ ಹಾಗೆ. ಇಪ್ಪತ್ತೈದು ವರ್ಷದಲ್ಲಿ ನೀನು ಅಷ್ಟು ಚೆನ್ನಾಗಿ ಯಾವತ್ತೂ ಮುಗಿಸಿರಲಿಲ್ಲ. ಆ ತುದಿಯಿಂದ ಕೈ ಎತ್ತಿದಾಗ ಎದ್ದ ಚಪ್ಪಾಳೆ ನನ್ನ ಕಿವಿಗೂ ಕೇಳಿಸಿತು. ಒಬ್ಬ ತಾಯಿ ಬೋಳುತಲೆಯ ಕೂಸನ್ನು ಎತ್ತಿ ಹಿಡಿದು "ನೋಡು, ನೀನೂ ಹಿಂಗೇ ಆಗ್ತೀಯ, ನೋಡು!" ಎಂದು ಕೂಗುತ್ತಿದ್ದಳು. ಇದನ್ನು ಮೋಸ ಎನ್ನುವವರು ಆ ಹೆಂಗಸಿನ ಎದುರು ನಿಂತು ಹೇಳಲಿ.

ನಿನ್ನ ಇಲಿ ಬಂದಿದ್ದಳು. ಎಂದಿನಂತೆ ಹೊರಗೆ ಚಹಾ ಅಂಗಡಿಯಲ್ಲಿ ನಿನಗಾಗಿ ಕಾದು ಕೂತಳು. ಮಗಳು ರೈಲಿಗೆ ಹೊತ್ತಾಯಿತೆಂದು ಹಿಂಬಾಗಿಲಿಂದ ಹೋದಳು ಎಂದು ಅವಳಿಗೆ ಹೇಳಿ ಕಳಿಸಿದೆ.

ಸದ್ಯ ನೀನು ಏನೂ ಮಾಡಬೇಕಾಗಿಲ್ಲ. ಮನೆಯಲ್ಲಿರು, ಮಾತ್ರೆ ನುಂಗು. ನೀನಿಲ್ಲದೆಯೂ ನಿನ್ನ ಕೆಲಸ ನಡೆಯುತ್ತದೆ. ಇದು ನನಗೂ ಸಮಾಧಾನದ ವಿಷಯ.

ಅಪ್ಪ

*

ಮೇ ೨೦

ಬೋಡಿ,

ಇನ್ನೂ ಬೋಡಿ ಎನ್ನಬಹುದೋ, ಇಲ್ಲ ಈಗ ದೊಡ್ಡ ಮನುಷ್ಯಳಾಗಿದ್ದೀಯೋ? ಚಹಾ ತಣ್ಣಗಾಗಿ, ಇನ್ನೊಂದು ತರಿಸಿ, ಅದೂ ತಣ್ಣಗಾಯಿತು. ವಾರ್ಡಿನಲ್ಲಿ ಗಾಜಿನ ಕೋಣೆಗೆ ಹಾಕಿದಾಗ ಕೂಡ ನಾವು ಚೀಟಿ ಬರೆದು ಗಾಜಿಗೆ ಅಂಟಿಸಿ ಮಾತಾಡಿದವರು. ಈಗ ಕಣ್ಣೆದುರಿಗೆ ಬಂದು ಒಂದು ಮಾತಾಡದೆ ಹಿಂಬಾಗಿಲಿಂದ ಓಡಿದೆ. ಆವತ್ತು ರೇಗಿತ್ತು. ಈಗ ಪರವಾಗಿಲ್ಲ.

ಏಕೆಂದರೆ ನಿನ್ನ ಈಜು ನೋಡಿದೆ! ಅಯ್ಯೋ ಮಾರಾಯ್ತಿ, ಅದೇನು ಈಜು! ಹೃದಯ ಹೋಯಿತು, ಏಣಿ ಹತ್ತಲಾರೆ, ಕುರ್ಚಿ ಇಟ್ಟುಕೊಂಡಿದ್ದೇನೆ ಎಂದು ಬರೆದು ನನ್ನ ಜೀವ ತಿಂದೆಯಲ್ಲ, ಓದಿ ನಾನು ಮೂರು ದಿನ ಅತ್ತೆ. ಇಸ್ತ್ರಿ ಪೆಟ್ಟಿಗೆ ಮರೆತು ಗಿರಾಕಿಯ ಅಂಗಿ ಸುಟ್ಟೆ. ಆ ಯಂತ್ರದ ಕೆಳಗೆ ಮಲಗಿದರೆ ನನಗೂ ಅದೇ ಹೇಳುತ್ತಾರೆಂದು ಹೆದರಿ ಸಾಯುತ್ತಿದ್ದೆ. ನಿನ್ನನ್ನು ನೀರಿನಲ್ಲಿ ನೋಡಿದ್ದೇ, ಎದೆಯ ಮೇಲಿನ ಕಲ್ಲು ಇಳಿಯಿತು. ಇವಳು ಹೀಗೆ ಈಜುತ್ತಾಳೆಂದರೆ ನನಗೇನಾಗಿದೆ ಧಾಡಿ ಎಂದುಕೊಂಡೆ. ಸ್ಕ್ಯಾನಿನ ದಿನವನ್ನು ಮರುದಿನವೇ ರದ್ದು ಮಾಡಿಸಿದೆ. ಲಾಂಡ್ರಿಯ ಮೇಲಿನ ಮಾಳಿಗೆಯನ್ನೂ ಬಾಡಿಗೆಗೆ ಹಿಡಿದಿದ್ದೇನೆ. ಬಟ್ಟೆ ಗಂಟು ಹೊತ್ತು ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು ಬರುತ್ತದೆ, ಯಾರಿಗೆ ಬರುವುದಿಲ್ಲ ಹೇಳು.

ಮುಂದಿನ ಸಲ ಓಡಿಹೋದರೆ ಜುಟ್ಟು ಹಿಡಿದು ಎಳೆಯುತ್ತೇನೆ. ಈಗ ನಿನಗೆ ಜುಟ್ಟಿದೆ.

ನಿನ್ನ ಇಲಿ

*

ಮೇ ೨೯

ಅಪ್ಪನಿಗೆ,

ಬೈಯಲು ಬರೆಯುತ್ತಿಲ್ಲ. ಬೈಗುಳ ಆಮೇಲೆ.

ಇಲಿ ಸ್ಕ್ಯಾನು ಬೇಡವೆಂದು ಬಿಟ್ಟಿದ್ದಾಳೆ. ನಾನು ಈಜಿದ್ದನ್ನು ನೋಡಿ ಬಿಟ್ಟಿದ್ದಾಳೆ. ಕಾಗದ ಕೈಗೆ ಬಂದ ಕೂಡಲೇ ಫೋನು ಮಾಡಿದೆ. ಅದು ನಾನಲ್ಲ ಕಣೇ ಎಂದೆ. ಅವಳು ನಕ್ಕಳು. "ನಿನ್ನ ಮೀನು ನಂಗೆ ಗೊತ್ತಿಲ್ವಾ? ಆ ಟೋಪಿ ಗೊತ್ತಿಲ್ವಾ?" ಎಂದಳು. ಆಣೆ ಮಾಡಿದೆ. ಆಮೇಲೆ ನಗು ನಿಂತು ಹೋಯಿತು. "ನಾನು ಆರಾಮಾಗಿರೋದು ನಿಂಗೆ ಸಹಿಸೋಕಾಗ್ತಿಲ್ವಾ?" ಎಂದು ಕೇಳಿದಳು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಂದು ಅವಳೇ ಬರೆದಿದ್ದಾಳೆ ಅಪ್ಪಾ. ನನಗೂ ಶುರುವಾಗಿದ್ದು ಹಾಗೆಯೇ. ನಾನೇ ಹೊರಟು ಬರೋಣವೆಂದರೆ ಡಾಕ್ಟರು ಪ್ರಯಾಣ ಕೂಡದೆನ್ನುತ್ತಾರೆ, ಮತ್ತೆ ಆಸ್ಪತ್ರೆಗೆ ಸೇರಿಸುತ್ತಿದ್ದಾರೆ.

ಅವಳು ನಿಮ್ಮ ಮಾತು ನಂಬುತ್ತಾಳೆ. ನಿಮ್ಮನ್ನು ಅವಳು ಚಿಕ್ಕಂದಿನಿಂದ ಕೋಚ್ ಮಾಮ ಎನ್ನುವವಳು. ಅವಳ ಲಾಂಡ್ರಿ ನಿಮ್ಮ ಕೊಳದಿಂದ ಎರಡು ಬೀದಿ ಆಚೆ. ಹೋಗಿ ಒಂದು ಮಾತು ಹೇಳಿ: "ಈಜಿದ್ದು ಅವಳಲ್ಲ." ಮೈಕಿನಲ್ಲಿ ಬೇಡ, ಜನರೆದುರು ಬೇಡ. ನಿಮ್ಮ ಮೂರು ಬಸ್ಸಿನ ಜನ ನಿಮ್ಮ ಹತ್ತಿರವೇ ಇರಲಿ. ಇವಳೊಬ್ಬಳಿಗೆ ಹೇಳಿ. ಕಾಲಿಗೆ ಬೀಳುತ್ತೇನೆ.

ನಿಮ್ಮ ಮಗಳು

*

ಜೂನ್ ೧೭

ಬೋಡಿ,

ಕೋಚ್ ಮಾಮನನ್ನು ಕೇಳಿದೆ. ನಾನೇ ಹೋಗಿ ಕೇಳಿದೆ. ಅವರಿಗೆ ಕೇಳಿಸಲೆಂದು ಕೊಳವೇ ಬೆಚ್ಚಿಬೀಳುವ ಹಾಗೆ ಕೂಗಿ ಕೇಳಿದೆ. ನಿಮ್ಮಮ್ಮನೂ ಅಲ್ಲೇ ಟಿಕೆಟ್ ಕೊಡುತ್ತ ಕೂತಿದ್ದರು. ಮಾಮ ನನ್ನ ತಲೆ ಸವರಿ, "ಈಜಿದ್ದು ನನ್ನ ಮಗಳೇ ಕಣಮ್ಮಾ. ಇನ್ಯಾರು?" ಎಂದರು. ನಿಮ್ಮಮ್ಮ ತಲೆ ಎತ್ತಲಿಲ್ಲ, ಚಿಲ್ಲರೆ ಎಣಿಸುತ್ತಿದ್ದರು.

ನೀನು ಆಸ್ಪತ್ರೆಯಿಂದ ಮತ್ತೆ ನಾಲ್ಕು ಸಲ ಫೋನು ಮಾಡಿದೆ, ನಾನು ಎತ್ತಲಿಲ್ಲ. ವಾರ್ಡಿನಲ್ಲೂ ನೀನು ಹಾಗೇ ಇದ್ದೆ. ನಿನಗೆ ಸೂಜಿ ಚುಚ್ಚಿದರೆ ನನಗೂ ಚುಚ್ಚುವವರೆಗೆ ಅಳು ನಿಲ್ಲಿಸುತ್ತಿರಲಿಲ್ಲ. ಆಗ ಅದು ಪ್ರೀತಿ ಎಂದುಕೊಂಡಿದ್ದೆ. ಕಾಯಿಲೆಯಲ್ಲಿ ನಿನಗೆ ಜೊತೆ ಬೇಕು, ಅಷ್ಟೇ. ನನಗೆ ಬದುಕಿದೆ, ಅಂಗಡಿಯಿದೆ. ಇನ್ನು ಬರೆಯಬೇಡ.

ಇಲಿ

*

ಸೆಪ್ಟೆಂಬರ್ ೮

ಮೀನುಮರಿಗೆ,

ಮೂರು ತಿಂಗಳಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಊತ ಇಳಿದಿದೆ, ಅಡುಗೆಮನೆಯವರೆಗೆ ಕುರ್ಚಿಯಿಲ್ಲದೆ ನಡೆಯುತ್ತೀಯೆ ಎಂದು ನಿಮ್ಮಮ್ಮ ಹೇಳುತ್ತಾಳೆ. ಸಂತೋಷ. ನಾನು ಹೇಳಿದ್ದೂ ಅದೇ, ಏನೂ ಆಗಿಲ್ಲವೆಂದು.

ಆ ಲಾಂಡ್ರಿಯ ಇಲಿ ಹೋದಳು. ಹೋದ ಗುರುವಾರ. ಬಟ್ಟೆ ಗಂಟು ಹೊತ್ತು ಮಾಳಿಗೆ ಹತ್ತುತ್ತಿದ್ದಳಂತೆ, ಮೇಲೆ ತಲುಪಲಿಲ್ಲ. ಮಣ್ಣಿಗೆ ಹೋಗಿ ಬಂದೆ. ಪಾಪ, ಒಳ್ಳೆಯ ಹುಡುಗಿ. ಆದರೆ ಒಂದು ದಿನ ಕೈಕಾಲು ಆಡಿಸಿದವಳಲ್ಲ. ಎಷ್ಟು ಕರೆದರೂ ನೀರಿಗಿಳಿಯಲಿಲ್ಲ. ನಾನು ನಿನಗೆ ಮಾಡಿದ್ದನ್ನು ಅವಳ ಅಪ್ಪ ಅವಳಿಗೆ ಮಾಡಿದ್ದರೆ ಇವತ್ತು ಇರುತ್ತಿದ್ದಳು.

ಅವಳ ತಾಯಿ ನನ್ನ ಕೈ ಹಿಡಿದುಕೊಂಡು, ಕಿವಿಯ ಹತ್ತಿರ ಬಾಯಿಟ್ಟು, "ನಮ್ಮ ಇಲಿ ಪಕ್ಕದ ಮಂಚದ ನಿಮ್ಮ ಹಳದಿ ಟೋಪಿ ಮಗು ಚೆನ್ನಾಗಿದಾಳಾ?" ಎಂದು ಕೇಳಿದರು. ಚೆನ್ನಾಗಿದಾಳೆ ಎಂದೆ. "ಒಬ್ಬಳಾದ್ರೂ ಉಳಿದ್ಲಲ್ಲ" ಎಂದು ಅತ್ತರು. ನಿನ್ನಿಂದ ಆ ತಾಯಿಗೆ ಅಷ್ಟಾದರೂ ಸಮಾಧಾನ ಸಿಕ್ಕಿತು. ಇದನ್ನು ನೀನು ತಿಳಿದಿರಬೇಕು.

ಮುಂದಿನ ಮೇ ತಿಂಗಳಿಗೆ ಹೊಸ ಬೋರ್ಡು ಬೇಕೇ ಬೇಕು. ಹಳೆಯದು ನೀರು ಕುಡಿದು ಉಬ್ಬಿದೆ. ಕೂತು ಬರೆಯುವ ಕೆಲಸ, ಹೃದಯಕ್ಕೇನೂ ಆಗುವುದಿಲ್ಲ. ನಿಧಾನವಾಗಿ ಬರೆ.

ಅಪ್ಪ

*

ಮಾರ್ಚ್ ೨

ಕೋಚ್ ಸಾಹೇಬರಿಗೆ,

ಬೋರ್ಡು ಇವತ್ತು ಲಾರಿಗೆ ಹಾಕಿಸಿದ್ದೇನೆ. ನೆಲದ ಮೇಲೆ ಕೂತು, ದಿನಕ್ಕೆ ಒಂದು ಸಾಲಿನಂತೆ ಬರೆದೆ. ನೀವು ಹೇಳಿದ ಹಾಗೆ ನೀಲಿ ಬಣ್ಣವೇ ಹಾಕಿದ್ದೇನೆ, ಪೇಲವವಾಗುವುದಿಲ್ಲ. ಲಾರಿಯವರು ಒಡೆದು ಹಾಕಿದರೆ ತಿಳಿದಿರಲೆಂದು ಅದರಲ್ಲಿರುವುದನ್ನು ಇಲ್ಲಿಯೂ ಬರೆಯುತ್ತೇನೆ.

'ಹೋದ ವರ್ಷ ಇಲ್ಲಿ ಹಳದಿ ಟೋಪಿಯಲ್ಲಿ ಈಜಿದವಳು ಕೋಚ್ ಅವರ ಮಗಳಲ್ಲ. ಮಗಳ ಹೃದಯಕ್ಕೆ ಪೆಟ್ಟು ಬಿದ್ದಿದೆ, ಮಾತ್ರೆಯಿಂದ ನಡೆಯುತ್ತಿದೆ. ಮಕ್ಕಳ ಔಷಧಿ ನಿಲ್ಲಿಸಬೇಡಿ. ಅವರು ದೊಡ್ಡವರಾದ ಮೇಲೆ, ಆರೋಗ್ಯವಾಗಿ ಕಂಡರೂ, ಹೃದಯ ಪರೀಕ್ಷೆ ಮಾಡಿಸುವುದನ್ನು ನಿಲ್ಲಿಸಬೇಡಿ. ಇದನ್ನು ಹೇಳದೆ ಹೋದದ್ದರಿಂದ ನನ್ನ ಗೆಳತಿ ಸತ್ತಳು.'

ಇಲಿ ಸತ್ತಿದ್ದು ಕೈಕಾಲು ಆಡಿಸದೆ ಅಲ್ಲ. ನಿಮ್ಮನ್ನು ನಂಬಿ ಸತ್ತಳು. ಅವಳ ತಲೆ ಸವರಿದ ಕೈಯಲ್ಲಿ ನೀವು ಊಟ ಮಾಡುತ್ತೀರಿ, ಸೀಟಿ ಹಿಡಿಯುತ್ತೀರಿ. ನನ್ನ ಸಿಟ್ಟು ಹೋಗುವುದಿಲ್ಲ, ಹೋಗಲಿ ಎಂದು ನನಗೆ ಆಸೆಯೂ ಇಲ್ಲ. ನಾನು ಬದುಕಿರುವುದೇ ಈಗ ನಿಮ್ಮ ಸುಳ್ಳಿಗೆ ಸಾಕ್ಷಿಯಾಗಿದೆ. ಅದು ನಿಮಗೆ ಎಷ್ಟು ಅನನುಕೂಲ ಎಂದು ನನಗೆ ಗೊತ್ತು. ಸತ್ತಿದ್ದರೆ ನೀವು ಕೊಕ್ಕರೆಯನ್ನಿಟ್ಟುಕೊಂಡು ಇನ್ನೂ ನೂರು ವರ್ಷ ನಡೆಸುತ್ತಿದ್ದಿರಿ.

ಹಾಗಾಗಿ ನಾನೇ ನಿಮಗೆ ಅನುಕೂಲ ಮಾಡಿಕೊಡುತ್ತೇನೆ. ಇನ್ನು ಮುಂದೆ ಕೊಕ್ಕರೆಯೇ ನಿಮ್ಮ ಮಗಳು. ಕಾಗದವನ್ನೂ ಅವಳಿಗೇ ಬರೆಯಿರಿ.

ಬೋರ್ಡು ಬರೆಯುವವಳು

*

ಏಪ್ರಿಲ್ ೨೧

ಬೋರ್ಡು ಬರೆಯುವವಳಿಗೆ,

ಬೋರ್ಡು ತಲುಪಿತು. ಹಲಗೆ ಒಳ್ಳೆಯ ಮರದ್ದು. ತಿರುಗಿಸಿ ಆ ಕಡೆ ಬೇರೆಯವನಿಂದ ಬರೆಸಿದೆ. ಅಕ್ಷರ ನಿನ್ನಷ್ಟು ಚೆನ್ನಾಗಿಲ್ಲ, ಆದರೆ ಹೇಳಿದ್ದನ್ನು ಬರೆಯುತ್ತಾನೆ. ನಿನ್ನ ಕಡೆಯನ್ನು ಗೋಡೆಗೆ ಒತ್ತಿ ಮೊಳೆ ಹೊಡೆಸಿದ್ದೇನೆ.

ಕೊಕ್ಕರೆಯೇ ಮಗಳು ಎಂದು ಬರೆದೆ. ಆಗಲಿ. ಅವಳು ಎದುರು ಮಾತಾಡುವುದಿಲ್ಲ.

ಮೇ ಹನ್ನೆರಡಕ್ಕೆ ಈ ಸಲ ನಾಲ್ಕು ಬಸ್ಸು.

ಕೋಚ್

*

(ಅದೇ ಲಕೋಟೆಯಲ್ಲಿ, ಕೊಳದ ಟಿಕೆಟ್ ಪುಸ್ತಕದಿಂದ ಹರಿದ ಹಾಳೆಯ ಹಿಂಬದಿ)

ಕಂದಾ,

ಕಾಗದ ಅಂಚೆಗೆ ಹಾಕು ಅಂತ ನನ್ನ ಕೈಗೆ ಕೊಟ್ಟಿದ್ದಾರೆ. ಯಾವಾಗಲೂ ಹಾಕುತ್ತಿದ್ದವಳು ನಾನೇ. ಬರೆದು ನನಗೆ ರೂಢಿಯಿಲ್ಲ.

ಇಲಿ ಬಂದು ಕೇಳಿದಾಗ ನಾನು ಅಲ್ಲೇ ಕೂತಿದ್ದೆ. ಅವಳು ನನ್ನ ಮುಖವನ್ನೂ ನೋಡಿದಳು.

ಲಕೋಟೆ ಉಬ್ಬಿದೆ ಅಂತ ಅಂಚೆಯವನು ತೂಕ ಹಾಕಿ ಇನ್ನೊಂದು ಸ್ಟಾಂಪು ಹಚ್ಚಿಸಬಹುದು. ಟೋಪಿ ಇದರೊಳಗಿದೆ. ನಾಳೆಯಿಂದ ಬೀರು ಹುಡುಕುತ್ತಾರೆ, ಹುಡುಕಲಿ. ಇನ್ನೊಂದು ತಂದರೂ ಮೀನು ಬರೆಯುವವರು ಇಲ್ಲಿ ಯಾರೂ ಇಲ್ಲ. ಬಸ್ಸಿನ ಜನ ಮಗಳೆಲ್ಲಿ ಅಂತ ಕೇಳಿದರೆ ಟಿಕೆಟ್ ಕಿಟಕಿಯಲ್ಲಿ ನಾನಿರುತ್ತೇನೆ, ಹೇಳುತ್ತೇನೆ.

ಮಾತ್ರೆ ತಪ್ಪಿಸಬೇಡ. ಟೋಪಿಗೆ ಈ ಸಲ ಪೌಡರ್ ಹಾಕಿಲ್ಲ. ಅಂಟಿಕೊಂಡು ಹರಿದು ಹೋದರೆ ಹೋಗಲಿ.

ಅಮ್ಮ